ನೀಲಗಿರಿ ಬೊಡ್ಡೆ ತೆಗೆಯುವುದು: ಟ್ರಾಕ್ಟರ್ ಗ್ರೈಂಡರ್ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರಿಗಾಗಿ ನೀಡಿದ ಉಪನ್ಯಾಸದ ಪಾಠ)



ನೀಲಗಿರಿ ತೋಪನ್ನು ಕಡಿಸುವುದು ಸುಲಭ. ಮರದ ವ್ಯಾಪಾರಿ ತಾನೇ ಆಳುಗಳನ್ನು ಕರೆತಂದು, ಕಡಿದು, ಲಾರಿಗೆ ತುಂಬಿಕೊಂಡು ಹೋಗುತ್ತಾನೆ. ಹಣವೂ ಕೈಗೆ ಬರುತ್ತದೆ. ಆದರೆ ಹೊಲ ಮಾತ್ರ ರೈತನ ಕೈಗೆ ಬರುವುದಿಲ್ಲ. ನೆಲದಲ್ಲಿ ಸಾಲು ಸಾಲಾಗಿ ಬೊಡ್ಡೆಗಳು ಉಳಿದಿರುತ್ತವೆ. ನೇಗಿಲು ಹೋಗುವುದಿಲ್ಲ, ರೊಟಾವೇಟರ್ ಹಾಕಿದರೆ ಬ್ಲೇಡು ಮುರಿಯುತ್ತದೆ, ಒಂದು ಮಳೆ ಬಿದ್ದರೆ ಪ್ರತಿ ಬೊಡ್ಡೆಯ ಸುತ್ತಲೂ ಚಿಗುರು ಏಳುತ್ತದೆ. ಬೊಡ್ಡೆ ತೆಗೆಸಲು ಹಣವಿಲ್ಲವೆಂದು ರೈತನು ಒಂದು ವರ್ಷ ಸುಮ್ಮನಿದ್ದರೆ ಚಿಗುರು ಗಳುವಾಗುತ್ತದೆ. ಮತ್ತೆ ನಾಲ್ಕೈದು ವರ್ಷಕ್ಕೆ ವ್ಯಾಪಾರಿ ಬರುತ್ತಾನೆ. ಹೀಗೆ ತಂದೆಯ ಕಾಲದಲ್ಲಿ ನೆಟ್ಟ ತೋಪು ಮಗನ ಕಾಲದಲ್ಲಿಯೂ ಹೊಲವನ್ನು ಬಿಟ್ಟುಕೊಡದೆ ಉಳಿದುಬಿಡುತ್ತದೆ.

ಆದುದರಿಂದ ತೋಪನ್ನು ತೆಗೆಯುವ ಕೆಲಸ ಕೊಡಲಿಯಿಂದ ಮುಗಿಯುವುದಿಲ್ಲ, ಬೊಡ್ಡೆಯಿಂದ ಶುರುವಾಗುತ್ತದೆ. ಟ್ರಾಕ್ಟರಿಗೆ ಜೋಡಿಸುವ ಬೊಡ್ಡೆ ಗ್ರೈಂಡರ್ ಈ ಕೆಲಸಕ್ಕೆ ಒದಗುವ ಸಾಧನಗಳಲ್ಲಿ ಒಂದು. ಅದು ಎಲ್ಲ ಹೊಲಕ್ಕೂ ಒಪ್ಪುವುದಿಲ್ಲ. ಒಪ್ಪುವ ಕಡೆ ಅದರಷ್ಟು ಅಚ್ಚುಕಟ್ಟಾದ ಕೆಲಸ ಬೇರೊಂದರಿಂದ ಆಗುವುದಿಲ್ಲ. ಯಾವ ಹೊಲಕ್ಕೆ ಯಾವ ವಿಧಾನ ಎಂಬುದನ್ನು ಹಣ ಕೊಡುವ ಮೊದಲೇ ಲೆಕ್ಕ ಹಾಕಿ ತಿಳಿಯುವುದು ಹೇಗೆಂಬುದೇ ಈ ಉಪನ್ಯಾಸದ ವಿಷಯ.

ನೀಲಗಿರಿ ಇಲ್ಲಿಗೆ ಬಂದ ಬಗೆ

ನೀಲಗಿರಿ ಆಸ್ಟ್ರೇಲಿಯಾದ ಮರ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿ ಬೆಟ್ಟದಲ್ಲಿ ಇದನ್ನು ನೆಡಲಾಯಿತೆಂದು ಹೇಳುತ್ತಾರೆ. ಅಲ್ಲಿಂದ ಹರಡಿದ ತಳಿಗೆ ಮೈಸೂರು ಗಮ್ ಎಂಬ ಹೆಸರಾಯಿತು. 1983ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರೈತರ ಜಮೀನುಗಳಿಗೂ ಇದು ವ್ಯಾಪಕವಾಗಿ ಬಂದಿತು. ಅದೇ 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದ್ದೂ ಉಂಟು.

ಕೋಲಾರದ ಕಡೆಯ ರೈತನು ಇದನ್ನು ನೆಟ್ಟದ್ದಕ್ಕೆ ಕಾರಣಗಳಿದ್ದವು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ರಾಗಿಗೆ ಬೆಲೆಯಿಲ್ಲ, ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಮನೆಯಲ್ಲಿ ವಯಸ್ಸಾದವರು ಮಾತ್ರ ಉಳಿದಿದ್ದಾರೆ. ಕಾವಲಿಲ್ಲದೆ, ನೀರಿಲ್ಲದೆ, ದನಕರು ಮೇಯದೆ ಬೆಳೆಯುವ ಮರ ಅಂಥ ಮನೆಗೆ ಅನುಕೂಲವಾಗಿ ಕಂಡಿತು. ಇದನ್ನು ಸೋಮಾರಿತನವೆಂದು ಜರೆಯುವುದು ಸರಿಯಲ್ಲ.

ಆದರೆ ಇದರ ಬೆಲೆಯನ್ನು ನೆಲ ತೆತ್ತಿದೆ. ಕೋಲಾರಕ್ಕೂ ಮಾಲೂರಿಗೂ ನೆರೆಯ ತಾಲ್ಲೂಕಾದ ಹೊಸಕೋಟೆಯಲ್ಲಿ ವಿಜ್ಞಾನಿಗಳು ನೀಲಗಿರಿ ತೋಪಿನ ನೀರಿನ ಬಳಕೆಯನ್ನು ಅಳೆದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಮರಗಳು ಬಳಸಿದ ನೀರು ಬಿದ್ದ ಮಳೆಗಿಂತ ಹೆಚ್ಚಾಗಿತ್ತು. ಹೆಚ್ಚಿನ ನೀರು ಎಲ್ಲಿಂದ ಬಂತು? ಬೇರುಗಳು ಹತ್ತಾರು ಅಡಿ ಆಳಕ್ಕಿಳಿದು, ಹಿಂದಿನ ವರ್ಷಗಳಲ್ಲಿ ಮಣ್ಣಿನಲ್ಲಿ ಸಂಗ್ರಹವಾಗಿದ್ದ ತೇವವನ್ನು ಎಳೆದುಕೊಂಡಿದ್ದವು. 2017ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅನಂತರದ ವರ್ಷಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ತೋಪುಗಳ ತೆರವು ಕಾರ್ಯವೂ ನಡೆಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೊಡ್ಡೆ ತೆಗೆಸಿದ ಮರುವರ್ಷವೇ ಬತ್ತಿದ ಕೊಳವೆ ಬಾವಿಯಲ್ಲಿ ನೀರು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಆಳದವರೆಗೆ ಒಣಗಿದ ಮಣ್ಣು ಮೊದಲು ತಾನು ನೆನೆಯಬೇಕು. ಅದಕ್ಕೆ ಹಲವು ಮಳೆಗಾಲಗಳು ಬೇಕಾಗಬಹುದು. ಮರ ಕಡಿದು ಬೊಡ್ಡೆಯನ್ನು ಚಿಗುರಲು ಬಿಟ್ಟರಂತೂ ಈ ನೆನೆಯುವ ಕೆಲಸ ಶುರುವಾಗುವುದೇ ಇಲ್ಲ.

ಬೊಡ್ಡೆ ಏಕೆ ಸಾಯುವುದಿಲ್ಲ?

ನೀಲಗಿರಿಯ ತೊಗಟೆಯ ಒಳಗೆ ಮಲಗಿದ ಮೊಗ್ಗುಗಳಿರುತ್ತವೆ. ಮರದ ತಲೆ ಇರುವವರೆಗೆ ಅವು ಏಳುವುದಿಲ್ಲ. ಮರ ಕಡಿದ ಕೂಡಲೇ ಎಚ್ಚರಗೊಳ್ಳುತ್ತವೆ. ಇದಲ್ಲದೆ ಕಾಂಡ ಮುಗಿದು ಬೇರು ಶುರುವಾಗುವ ಕಡೆ, ನೆಲದ ಮಟ್ಟದಲ್ಲಿ ಮತ್ತು ಅದಕ್ಕಿಂತ ಸ್ವಲ್ಪ ಕೆಳಗೆ, ಉಬ್ಬಿದ ಗಂಟೊಂದು ಇರುತ್ತದೆ. ಈ ಬುಡದ ಗಂಟಿನಲ್ಲಿ ಮೊಗ್ಗುಗಳೂ ಇವೆ, ಅವುಗಳಿಗೆ ಬೇಕಾದ ಆಹಾರವೂ ಇದೆ. ಕಾಡ್ಗಿಚ್ಚು ಬಂದು ಮೇಲಿನದೆಲ್ಲ ಸುಟ್ಟರೂ ಮತ್ತೆ ಚಿಗುರಲೆಂದು ಪ್ರಕೃತಿ ಆ ಮರಕ್ಕೆ ಕೊಟ್ಟ ಉಗ್ರಾಣ ಅದು.

ಇದರಿಂದ ರೈತರು ತಿಳಿಯಬೇಕಾದುದು ಎರಡು ಅಂಶ. ಮೊದಲನೆಯದು, ನೆಲಕ್ಕೆ ಸಮವಾಗಿ ಕೊಯ್ದ ಮಾತ್ರಕ್ಕೆ ಬೊಡ್ಡೆ ಸಾಯುವುದಿಲ್ಲ. ಏಕೆಂದರೆ ಗಂಟು ನೆಲದೊಳಗಿದೆ. ಎರಡನೆಯದು, ಗಂಟು ಹೋದರೆ ಸಾಕು. ನೀಲಗಿರಿಯು ಸಾಮಾನ್ಯವಾಗಿ ದೂರದ ಬೇರಿನಿಂದ ಸಸಿ ಎಬ್ಬಿಸುವುದಿಲ್ಲ. ಗಂಟನ್ನು ಪೂರ್ತಿ ತೆಗೆದರೆ ಕೆಳಗಿನ ಬೇರು ಅಲ್ಲೇ ಕೊಳೆತು ಮಣ್ಣಾಗುತ್ತದೆ. ಆದುದರಿಂದ ಹತ್ತಡಿ ಆಳದ ಬೇರನ್ನು ಬೆನ್ನಟ್ಟುವ ಅಗತ್ಯವಿಲ್ಲ. ನೆಲಮಟ್ಟದಿಂದ ಸುಮಾರು ಒಂದು ಅಡಿಯವರೆಗಿನ ಭಾಗವೇ ಮುಖ್ಯ.

ಎಲ್ಲ ಮರಕ್ಕೂ ಈ ಮಾತು ಹೊಂದುವುದಿಲ್ಲ. ಹೊಂಗೆಯು ಬೇರಿನಿಂದಲೂ ಮರಿ ಎಬ್ಬಿಸುತ್ತದೆ. ಅಂಥ ಮರದ ಬೊಡ್ಡೆ ಅರೆದ ಮೇಲೆಯೂ ಸುತ್ತಲಿನ ಬೇರುಗಳನ್ನು ಅಗೆದು ಎಳೆಯಬೇಕು. ಬಳ್ಳಾರಿ ಜಾಲಿಯನ್ನೂ ಬುಡದ ಮೊಗ್ಗುಗಳಿರುವ ಭಾಗಕ್ಕಿಂತ ಕೆಳಗೆ ಕತ್ತರಿಸದಿದ್ದರೆ ಮತ್ತೆ ಚಿಗುರುತ್ತದೆ. ಹೊಲದಲ್ಲಿ ನೀಲಗಿರಿಯಲ್ಲದೆ ಬೇರೆ ಮರಗಳಿದ್ದರೆ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅನುಮತಿಯ ವಿಚಾರ ಕೇಳಿಕೊಳ್ಳಬೇಕು.

ಗ್ರೈಂಡರ್ ಕೆಲಸ ಮಾಡುವ ರೀತಿ

ಗ್ರೈಂಡರ್ ಬೊಡ್ಡೆಯನ್ನು ಕೀಳುವುದಿಲ್ಲ, ಅರೆಯುತ್ತದೆ. ದಪ್ಪನೆಯ ಉಕ್ಕಿನ ಚಕ್ರದ ಅಂಚಿನಲ್ಲಿ ಕಾರ್ಬೈಡ್ ತುದಿಯ ಹಲ್ಲುಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಯಂತ್ರವನ್ನು ಟ್ರಾಕ್ಟರಿನ ಹಿಂದಿನ ಲಿಫ್ಟಿನ ಮೂರು ಕೊಂಡಿಗಳಿಗೆ ಜೋಡಿಸುತ್ತಾರೆ. ರೊಟಾವೇಟರಿಗೆ ಶಕ್ತಿ ಕೊಡುವ ಪಿ.ಟಿ.ಓ. ಶಾಫ್ಟೇ ಇದಕ್ಕೂ ಶಕ್ತಿ ಕೊಡುತ್ತದೆ. ನಮ್ಮ ಟ್ರಾಕ್ಟರುಗಳಲ್ಲಿ ಪಿ.ಟಿ.ಓ.ದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಚಕ್ರ ತಿರುಗುತ್ತಾ ಬೊಡ್ಡೆಯನ್ನು ಚೂರು ಚೂರಾಗಿ ಕೆರೆದು ಹಾಕುತ್ತದೆ. ಕೆಲವು ಮಾದರಿಗಳಲ್ಲಿ ಚಕ್ರದ ಬದಲು ಮೇಲಿನಿಂದ ಕೆಳಕ್ಕೆ ಕೊರೆಯುವ ತಿರುಪು ಇರುತ್ತದೆ.

ಯಂತ್ರಕ್ಕೆ ಎಷ್ಟು ಅಶ್ವಶಕ್ತಿಯ ಟ್ರಾಕ್ಟರ್ ಬೇಕೆಂಬುದನ್ನು ಅದರ ಮೇಲಿನ ಫಲಕ ನೋಡಿಯೇ ತೀರ್ಮಾನಿಸಬೇಕು. ಚಿಕ್ಕ ಟ್ರಾಕ್ಟರಿಗೆ ಭಾರಿ ಗ್ರೈಂಡರ್ ಜೋಡಿಸಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ, ಪಿ.ಟಿ.ಓ.ದ ಗೇರಿಗೂ ಪೆಟ್ಟು ಬೀಳುತ್ತದೆ.

ಕೆಲಸದ ಕ್ರಮ ಹೀಗಿದೆ.

1. ಬೊಡ್ಡೆಯನ್ನು ಗರಗಸದಿಂದ ಸಾಧ್ಯವಾದಷ್ಟು ನೆಲಮಟ್ಟಕ್ಕೆ ಕೊಯ್ಯಬೇಕು. ಒಂದು ಅಡಿ ಎತ್ತರ ಉಳಿಸಿದರೆ ಅಷ್ಟನ್ನೂ ಗ್ರೈಂಡರ್ ಅರೆಯಬೇಕಾಗಿ ಬಾಡಿಗೆ ಹೆಚ್ಚುತ್ತದೆ. ಆ ಒಂದು ಅಡಿ ಸೌದೆಯೂ ಪುಡಿಯಾಗಿ ನಷ್ಟವಾಗುತ್ತದೆ.

2. ಬೊಡ್ಡೆಯ ಸುತ್ತ ಪಿಕಾಸಿಯಿಂದ ಮಣ್ಣು ಕೆದಕಿ ಕಲ್ಲು ತೆಗೆಯಬೇಕು. ಕೋಲಾರದ ಕೆಂಪು ಮಣ್ಣಿನಲ್ಲಿ ಗರಸು ಮತ್ತು ಬೆಣಚು ಕಲ್ಲು ಹೆಚ್ಚು. ಬೇರು ಕಲ್ಲನ್ನು ತಬ್ಬಿ ಬೆಳೆದಿರುತ್ತದೆ. ಹಲ್ಲು ಮರಕ್ಕೆ ಮಾಡಿದ್ದು, ಕಲ್ಲಿಗೆ ಅಲ್ಲ. ಒಂದು ದಪ್ಪ ಕಲ್ಲು ತಾಗಿದರೆ ಹಲವು ಹಲ್ಲುಗಳು ಒಟ್ಟಿಗೆ ಹೋಗುತ್ತವೆ.

3. ಕೊಳವೆ ಬಾವಿಯ ಕೇಬಲ್, ಪಿ.ವಿ.ಸಿ. ಪೈಪು, ಹನಿ ನೀರಾವರಿಯ ಕೊಳವೆ ಎಲ್ಲಿ ಹಾದಿವೆಯೆಂದು ಮೊದಲೇ ಸುಣ್ಣದಿಂದ ಗುರುತು ಮಾಡಬೇಕು.

4. ಟ್ರಾಕ್ಟರನ್ನು ಸಮ ನೆಲದಲ್ಲಿ ನಿಲ್ಲಿಸಿ, ಕೈ ಬ್ರೇಕು ಹಾಕಿ, ಚಕ್ರವನ್ನು ನೆಲದಿಂದ ಮೇಲೆತ್ತಿ ಹಿಡಿದು, ಎಂಜಿನ್ನಿನ ವೇಗ ಕಡಿಮೆ ಇರುವಾಗ ಪಿ.ಟಿ.ಓ. ಹಾಕಬೇಕು. ಅನಂತರ ವೇಗ ಏರಿಸಬೇಕು.

5. ಬೊಡ್ಡೆಯ ನಡುವಿನಿಂದ ಅಲ್ಲ, ಅಂಚಿನಿಂದ ಅರೆಯಲು ಆರಂಭಿಸಬೇಕು. ಒಮ್ಮೆಗೆ ಒಂದೆರಡು ಅಂಗುಲದಷ್ಟೇ ಇಳಿಸಿ, ಅಡ್ಡಡ್ಡಲಾಗಿ ಸವರಿ, ಮತ್ತೆ ಇಳಿಸಬೇಕು. ಎಂಜಿನ್ ಹೆಣಗುವ ಸದ್ದು ಬಂದರೆ ಲಿಫ್ಟ್ ಎತ್ತಬೇಕು. ಒತ್ತಿ ಹಿಡಿದರೆ ಕೆಲಸ ಬೇಗ ಆಗುವುದಿಲ್ಲ, ಶಾಫ್ಟ್ ಮುರಿಯುತ್ತದೆ.

6. ಯಂತ್ರ ನಿಲ್ಲಿಸಿ, ಪುಡಿಯನ್ನು ಸಲಿಕೆಯಿಂದ ಎತ್ತಿ, ಗುಂಡಿಯ ಆಳವನ್ನು ಅಡಿಕೋಲಿನಿಂದ ಅಳೆಯಬೇಕು. ಮೇಲೆ ಪುಡಿ ತುಂಬಿದ್ದರೆ ನಾಲ್ಕು ಅಂಗುಲ ಅರೆದದ್ದೂ ಒಂದು ಅಡಿ ಅರೆದಂತೆ ಕಾಣುತ್ತದೆ. ಗುಂಡಿಯ ಅಂಚಿನಲ್ಲಿ ತೊಗಟೆಯಿರುವ ಗಂಟಿನ ಚೂರು ಉಳಿದಿದ್ದರೆ ಅಲ್ಲಿಂದಲೇ ಚಿಗುರು ಬರುತ್ತದೆ.

ಲೆಕ್ಕವೇ ದಾರಿ ತೋರಿಸುತ್ತದೆ

ಒಂದು ಎಕರೆಗೆ 43,560 ಚದರ ಅಡಿ. ತೋಪಿನಲ್ಲಿ ಮರಗಳನ್ನು 6 ಅಡಿಗೆ 6 ಅಡಿ ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ 1,210 ಬೊಡ್ಡೆ. 3 ಅಡಿಗೆ 3 ಅಡಿ ಒತ್ತಾಗಿ ನೆಟ್ಟಿದ್ದರೆ 4,840 ಬೊಡ್ಡೆ. ಒಂದು ಬೊಡ್ಡೆ ಅರೆದು ಮುಂದಿನದಕ್ಕೆ ಹೋಗಲು 3 ನಿಮಿಷ ಹಿಡಿಯುತ್ತದೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಮೊದಲನೆಯ ಹೊಲಕ್ಕೆ ಎಕರೆಗೆ ಸುಮಾರು 60 ಗಂಟೆ, ಎರಡನೆಯದಕ್ಕೆ 242 ಗಂಟೆ ಬೇಕು. ಗಂಟೆಯ ಬಾಡಿಗೆಯಿಂದ ಇದನ್ನು ಗುಣಿಸಿ ನೋಡಿದರೆ ಎರಡು ಎಕರೆಯ ರೈತನಿಗೆ ಬೇರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಒತ್ತಾದ ತೋಪಿನ ಸಣ್ಣ ಸಣ್ಣ ಬೊಡ್ಡೆಗಳಿಗೆ ಗ್ರೈಂಡರ್ ತಕ್ಕ ಸಾಧನವಲ್ಲ.

ಈಗ ಇನ್ನೊಂದು ಹೊಲವನ್ನು ನೋಡುವುದು. ಶ್ರೀನಿವಾಸಪುರದ ಕಡೆ ಮಾವಿನ ತೋಟದ ಬದುವಿನುದ್ದಕ್ಕೂ 40 ದಪ್ಪ ನೀಲಗಿರಿ ಬೊಡ್ಡೆಗಳಿವೆ. ಜೆ.ಸಿ.ಬಿ. ತಂದರೆ ಬದು ಒಡೆಯುತ್ತದೆ, ಪಕ್ಕದ ಮಾವಿನ ಬೇರು ಹರಿಯುತ್ತದೆ, ತೋಟದ ಒಳಗೆ ಯಂತ್ರ ತಿರುಗಲು ಕೊಂಬೆ ಕಡಿಯಬೇಕಾಗುತ್ತದೆ. ಗ್ರೈಂಡರಾದರೆ ಬೊಡ್ಡೆಯಷ್ಟೇ ಜಾಗವನ್ನು ಮುಟ್ಟುತ್ತದೆ. ದಪ್ಪ ಬೊಡ್ಡೆಗೆ 10 ನಿಮಿಷವೆಂದು ಹಿಡಿದರೂ ಏಳು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇಂಥ ಕಡೆ, ಹಾಗೂ ಮನೆ, ಕೊಟ್ಟಿಗೆ, ಬಾವಿ, ಪೈಪುಗಳ ಹತ್ತಿರ, ಬದು ಮತ್ತು ಹೊಲದ ದಾರಿಗಳ ಮೇಲೆ ಗ್ರೈಂಡರ್ ಒಪ್ಪುತ್ತದೆ.

ನಿಮಿಷದ ಲೆಕ್ಕ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಆದುದರಿಂದ ಯಾವ ಯಂತ್ರವೇ ಆಗಲಿ, ಇಡೀ ಹೊಲದ ಮಾತು ಆಡುವ ಮೊದಲು 10 ಬೊಡ್ಡೆಗಳನ್ನು ತೆಗೆಸಿ, ಗಡಿಯಾರ ನೋಡಿ, ಅನಂತರ ಒಟ್ಟು ಬೊಡ್ಡೆಗಳನ್ನು ಎಣಿಸಿ ಲೆಕ್ಕ ಹಾಕಬೇಕು. ಗಂಟೆಯನ್ನು ಟ್ರಾಕ್ಟರಿನ ಮೀಟರ್ ಪ್ರಕಾರ ಎಣಿಸುವುದೋ, ಯಂತ್ರ ಬಂದು ಹೋಗುವ ಖರ್ಚು ಯಾರದು, ಹಲ್ಲು ಮುರಿದರೆ ಯಾರು ಕೊಡಬೇಕು, ಎಷ್ಟು ಆಳ ಅರೆಯಬೇಕು, ಈ ನಾಲ್ಕು ಮಾತುಗಳನ್ನು ಮೊದಲೇ ಆಡಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಂಜೆ ಜಗಳವಿರುವುದಿಲ್ಲ.

ಜೆ.ಸಿ.ಬಿ.ಯಿಂದ ಕೀಳಿಸುವಾಗ

ಒತ್ತಾದ ತೋಪಿಗೆ ಈ ಭಾಗದಲ್ಲಿ ಜೆ.ಸಿ.ಬಿ. ತರಿಸುವುದೇ ರೂಢಿ. ಗಂಟನ್ನೂ ದಪ್ಪ ಬೇರನ್ನೂ ಒಟ್ಟಿಗೆ ಎತ್ತುವುದರಿಂದ ಚಿಗುರಿನ ಭಯ ಕಡಿಮೆ. ಕಿತ್ತ ಬೊಡ್ಡೆ ಸೌದೆಯೂ ಆಗುತ್ತದೆ. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳಿರುವುದರಿಂದ ಸೌದೆಗೆ ಗಿರಾಕಿ ಉಂಟು. ಬೊಡ್ಡೆ ಮಾರಿದ ಹಣ ಬಾಡಿಗೆಯ ಒಂದು ಭಾಗಕ್ಕಾದರೂ ಆಗುವಂತೆ ಮೊದಲೇ ಮಾತನಾಡಿಕೊಳ್ಳುವುದು ಜಾಣತನ. ಅರೆದ ಬೊಡ್ಡೆಯಿಂದ ಈ ಹಣ ಬರುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಜೆ.ಸಿ.ಬಿ.ಯ ಕೆಡುಕು ಮಣ್ಣಿಗೆ ಸಂಬಂಧಿಸಿದ್ದು. ಫಲವತ್ತಾದ ಮಣ್ಣು ಮೇಲಿನ ಅರ್ಧ ಮುಕ್ಕಾಲು ಅಡಿಯಷ್ಟೇ. ಗುಂಡಿ ತೋಡುವಾಗ ಅದು ಕೆಳಗೆ ಹೋಗಿ, ಗರಸು ಮೇಲೆ ಬಂದರೆ ಆ ಜಾಗದಲ್ಲಿ ರಾಗಿ ಹಲವು ವರ್ಷ ಸೊರಗುತ್ತದೆ. ಚಾಲಕನಿಗೆ ಬೊಡ್ಡೆಯ ಚಿಂತೆ, ಮಣ್ಣಿನ ಚಿಂತೆ ರೈತನದು. ಆದುದರಿಂದ ರೈತನು ಹೊಲದಲ್ಲಿಯೇ ನಿಂತು, ಕಿತ್ತ ಬೊಡ್ಡೆಯ ಮಣ್ಣನ್ನು ಅಲ್ಲಿಯೇ ಕೊಡವಿಸಿ, ಗರಸನ್ನು ಗುಂಡಿಯ ತಳಕ್ಕೂ ಮೇಲ್ಮಣ್ಣನ್ನು ಮೇಲಕ್ಕೂ ಹಾಕಿಸಬೇಕು. ನೆಲ ಹಸಿಯಾಗಿರುವಾಗ ಭಾರಿ ಯಂತ್ರ ಇಳಿಸಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ.

ಹಣವಿಲ್ಲದವರ ದಾರಿ

ಬಾಡಿಗೆ ಕೊಡಲಾರದ ಸಣ್ಣ ರೈತನು ಹೊಲವನ್ನು ಮತ್ತೆ ತೋಪಿಗೆ ಬಿಟ್ಟುಕೊಡಬೇಕೆಂದೇನೂ ಇಲ್ಲ. ಬೊಡ್ಡೆಯಲ್ಲಿ ಕೂಡಿಟ್ಟ ಆಹಾರ ಮುಗಿದರೆ ಅದು ಸಾಯಲೇಬೇಕು. ಚಿಗುರು ಬೆರಳುದ್ದ ಇರುವಾಗಲೇ ಬುಡಸಮೇತ ಮುರಿದು ಹಾಕಿದರೆ ಆಹಾರ ಖರ್ಚಾಗುತ್ತದೆ, ಹೊಸದು ಸೇರುವುದಿಲ್ಲ. ಎಲೆ ಬಲಿತು ಹಸಿರಾಗಲು ಬಿಟ್ಟರೆ ಉಗ್ರಾಣ ಮತ್ತೆ ತುಂಬುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ. ಒಮ್ಮೆ ಮುರಿದರೆ ಸಾಲದು. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಹೊಲ ಸುತ್ತಿ ಬರಬೇಕು. ಒಂದೇ ವರ್ಷದಲ್ಲಿ ಮುಗಿಯುವ ಕೆಲಸವೂ ಇದಲ್ಲ. ಬೊಡ್ಡೆಗಳ ನಡುವೆ ಹುರುಳಿ ಚೆಲ್ಲಿದ್ದರೆ ಕಳೆ ತೆಗೆಯಲು ಹೋದವರೇ ಚಿಗುರನ್ನೂ ಮುರಿಯಬಹುದು. ಸತ್ತ ಬೊಡ್ಡೆಯನ್ನು ಹಾರೆ ಗುದ್ದಲಿಯಿಂದ ಬಿಡುವಿನ ದಿನಗಳಲ್ಲಿ ಒಂದೊಂದಾಗಿ ತೆಗೆಯಬಹುದು.

ಎರಡನೆಯ ದಾರಿ, ಹೊಲವನ್ನು ಭಾಗ ಮಾಡಿಕೊಳ್ಳುವುದು. ಮಾವನ್ನು 30 ಅಡಿಗೆ 30 ಅಡಿ ಅಂತರದಲ್ಲಿ ನೆಡುವುದಾದರೆ ಎಕರೆಗೆ 48 ಗುಂಡಿಗಳು. ಮೊದಲ ವರ್ಷ ಗಿಡಗಳ ಸಾಲು ಬರುವ ಪಟ್ಟಿಗಳಲ್ಲಿ ಮಾತ್ರ ಬೊಡ್ಡೆ ತೆಗೆಸಿ, ಉಳಿದವುಗಳ ಚಿಗುರು ಮುರಿಯುತ್ತಾ ಬಂದರೆ ಖರ್ಚು ಎರಡು ಮೂರು ವರ್ಷಗಳಿಗೆ ಹಂಚಿಹೋಗುತ್ತದೆ. ಆದರೆ ಚಿಗುರು ಮುರಿಯುವುದನ್ನು ಮರೆತರೆ ಎಳೆಯ ಮಾವಿನ ಪಾಲಿನ ನೀರನ್ನು ನೀಲಗಿರಿಯೇ ಕುಡಿಯುತ್ತದೆ.

ಮಾಡಬಾರದ ಕೆಲಸಗಳೂ ಕೆಲವು ಇವೆ. ಬೊಡ್ಡೆಗೆ ಉಪ್ಪು, ಆಸಿಡ್, ಸುಟ್ಟ ಎಂಜಿನ್ ಆಯಿಲ್ ಸುರಿಯುವುದರಿಂದ ಮಣ್ಣು ಕೆಡುತ್ತದೆ. ಬೆಂಕಿ ಹಾಕಿದರೆ ಒಣ ಬೇರಿನೊಳಗೆ ಕಿಡಿ ಹಲವು ದಿನ ಹೊಗೆಯಾಡುತ್ತಿದ್ದು, ಗಾಳಿ ಬಂದಾಗ ಪಕ್ಕದ ತೋಟಕ್ಕೆ ಹರಡಬಹುದು. ಬೇಸಿಗೆಯಲ್ಲಂತೂ ಇದು ನೆರೆಯವನ ಮಾವಿನ ತೋಟವನ್ನು ಪಣಕ್ಕಿಟ್ಟಂತೆ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಬೊಡ್ಡೆಗೆ ಸರಪಳಿ ಕಟ್ಟಿ ಟ್ರಾಕ್ಟರಿನಿಂದ ಎಳೆಯುವುದು ಹಲವರು ಮಾಡುವ ಕೆಲಸ. ಇದರಷ್ಟು ಅಪಾಯದ್ದು ಮತ್ತೊಂದಿಲ್ಲ. ಸರಪಳಿಯನ್ನು ಹಿಂದಿನ ಆಕ್ಸಲಿಗೋ ಲಿಫ್ಟಿನ ಮೇಲಿನ ಕೊಂಡಿಗೋ ಕಟ್ಟಿದರೆ, ಬೊಡ್ಡೆ ಬಿಗಿಯಾಗಿ ನಿಂತಾಗ ಹಿಂದಿನ ಗಾಲಿಗಳು ತಿರುಗಲಾರದೆ ಟ್ರಾಕ್ಟರಿನ ಮುಂಭಾಗವೇ ಮೇಲೇಳುತ್ತದೆ. ಕ್ಲಚ್ಚಿನ ಮೇಲೆ ಕಾಲಿಡುವಷ್ಟು ಹೊತ್ತಿನಲ್ಲಿ ಟ್ರಾಕ್ಟರ್ ಹಿಂದಕ್ಕೆ ಮಗುಚಿ ಚಾಲಕ ಕೆಳಗೆ ಸಿಕ್ಕಿಕೊಳ್ಳುತ್ತಾನೆ. ಸರಪಳಿ ಹರಿದರೆ ಅದು ಚಾಟಿಯಂತೆ ಬೀಸಿ ಹತ್ತಿರ ನಿಂತವರನ್ನು ಹೊಡೆಯುತ್ತದೆ. ಬೇರು ಕತ್ತರಿಸದ ಬೊಡ್ಡೆಯನ್ನು ಟ್ರಾಕ್ಟರಿನಿಂದ ಎಳೆಯಲೇಬಾರದು. ಪೂರ್ತಿ ಬಿಡಿಸಿದ ಬೊಡ್ಡೆಯನ್ನು ಸಾಗಿಸುವಾಗಲೂ ತಗ್ಗಿನಲ್ಲಿರುವ ಡ್ರಾಬಾರಿಗೆ ಮಾತ್ರ ಕಟ್ಟಬೇಕು.

ಗ್ರೈಂಡರಿನ ಅಪಾಯ ಬೇರೆ ಬಗೆಯದು. ಚಕ್ರ ಎಸೆಯುವ ಮರದ ಚೂರು ಮತ್ತು ಕಲ್ಲು ಕವಣೆಯಿಂದ ಹಾರಿದಂತೆ ಬರುತ್ತವೆ. ಕೆಲಸ ನಡೆಯುವಾಗ ಸುತ್ತ 100 ಅಡಿಯೊಳಗೆ ಯಾರೂ ಇರಬಾರದು. ಹಳ್ಳಿಗಳಲ್ಲಿ ಇದನ್ನು ಪಾಲಿಸುವುದು ಕಷ್ಟ. ಏಕೆಂದರೆ ಒಲೆಗೆ ಚಕ್ಕೆ ಆರಿಸಿಕೊಳ್ಳಲು ಹೆಂಗಸರು, ಯಂತ್ರ ನೋಡಲು ಮಕ್ಕಳು ಬಂದೇ ಬರುತ್ತಾರೆ. ಅವರನ್ನು ಗದರಿಸುವುದಕ್ಕಿಂತ, ಸಂಜೆ ಯಂತ್ರ ನಿಂತ ಮೇಲೆ ಚಕ್ಕೆಯೆಲ್ಲ ಅವರಿಗೇ ಎಂದು ಮೊದಲೇ ಹೇಳಿದರೆ ಕೇಳುತ್ತಾರೆ. ಹಗ್ಗ ಕಟ್ಟಿ, ಕಾಯಲು ಮನೆಯವರೊಬ್ಬರನ್ನು ನಿಲ್ಲಿಸಬೇಕು.

ಪಿ.ಟಿ.ಓ. ಶಾಫ್ಟಿನ ಮೇಲಿನ ಕವಚ ಕಳಚಿದ್ದರೆ ಆ ಯಂತ್ರವನ್ನು ಹೊಲಕ್ಕೆ ಇಳಿಸಬಾರದು. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ಸೆರಗು ಶಾಫ್ಟಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಬೇರು ಸಿಕ್ಕಿ ಚಕ್ರ ನಿಂತರೆ ಎಂಜಿನ್ ಆರಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಅನಂತರವೇ ಕೈ ಹಾಕಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಅತ್ಯವಶ್ಯಕ. ಇಳಿಜಾರಿನ ಬದುವಿನ ಮೇಲೆ ಟ್ರಾಕ್ಟರನ್ನು ಅಡ್ಡಲಾಗಿ ನಿಲ್ಲಿಸಬಾರದು.

ಬೊಡ್ಡೆ ಹೋದ ಮೇಲೆ

ಅರೆದ ಪುಡಿಯನ್ನು ಗುಂಡಿಯಲ್ಲಿಯೇ ಬಿಟ್ಟು ಮಣ್ಣು ಮುಚ್ಚುವುದು ತಪ್ಪು. ಪುಡಿ ಕೊಳೆಯುತ್ತಾ ಗುಂಡಿ ಕುಸಿಯುತ್ತದೆ, ಗೆದ್ದಲು ಸೇರುತ್ತದೆ. ಹಸಿ ಮರದ ಪುಡಿ ಕೊಳೆಯುವಾಗ ಮಣ್ಣಿನಲ್ಲಿರುವ ಸಾರಜನಕವನ್ನು ಸೂಕ್ಷ್ಮಜೀವಿಗಳು ಹೀರಿಕೊಳ್ಳುವುದರಿಂದ ಆ ಜಾಗದ ಪೈರು ಹಳದಿಯಾಗುತ್ತದೆ. ಆದುದರಿಂದ ಪುಡಿಯನ್ನು ಹೊರತೆಗೆದು, ಗುಂಡಿಗೆ ಮಣ್ಣು ತುಂಬಿ ತುಳಿಯಬೇಕು. ಪುಡಿಯನ್ನು ತಿಪ್ಪೆಯಲ್ಲಿ ಸಗಣಿ, ಗಂಜಲದೊಡನೆ ಪದರ ಪದರವಾಗಿ ಹಾಕಿ ಪೂರ್ತಿ ಕಳಿಸಿದ ಮೇಲೆ ಗೊಬ್ಬರವಾಗಿ ಬಳಸಬಹುದು. ಹೊಲದ ದಾರಿಗೆ ಹರಡಿದರೂ ಆಗುತ್ತದೆ.

ಅನಂತರ ಕಲ್ಟಿವೇಟರ್ ಹಾಯಿಸಿ ಮೇಲೆ ಬಂದ ಬೇರುಗಳನ್ನು ಆಯಬೇಕು. ಮೊದಲೇ ರೊಟಾವೇಟರ್ ಹಾಕಬಾರದು. ಎರಡನೆಯ ಉಳುಮೆಯಲ್ಲಿ ಮತ್ತೆ ಬೇರು ಸಿಗುತ್ತದೆ, ಮತ್ತೆ ಆಯಬೇಕು. ರಾಗಿ, ಹುರುಳಿಗೆ ಈ ಆಳ ಸಾಕು. ಹಿಪ್ಪುನೇರಳೆ ನೆಡುವವರು ಆಳವಾಗಿ ಉಳುವುದರಿಂದ ಒಂದು ಅಡಿಗಿಂತ ಹೆಚ್ಚು ಆಳದ ದಪ್ಪ ಬೇರುಗಳನ್ನೂ ತೆಗೆಸುವುದು ಲೇಸು.

ತೆಂಗಿನ ತೋಟದಲ್ಲಿ ಅಣಬೆ ರೋಗದಿಂದ ಸತ್ತ ಮರದ ಬೊಡ್ಡೆಗೆ ಗ್ರೈಂಡರ್ ಹಾಕಿಸಲೇಬಾರದು. ಆ ರೋಗದ ಶಿಲೀಂಧ್ರ ಬೊಡ್ಡೆಯಲ್ಲಿಯೂ ಬೇರಿನಲ್ಲಿಯೂ ಉಳಿದಿರುತ್ತದೆ. ಅರೆದರೆ ಪುಡಿಯೊಡನೆ ತೋಟವೆಲ್ಲ ಹರಡಬಹುದು. ಅಂಥ ಬೊಡ್ಡೆಯನ್ನು ಬೇರುಸಮೇತ ಅಗೆದು ತೆಗೆದು, ತೋಟದ ಹೊರಗೆ ಸಾಗಿಸಿ ಸುಡಬೇಕು.

ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ. ಮುಂಗಾರಿಗೆ ಮೊದಲು ಗುಂಡಿ ಮುಚ್ಚಿ, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದ್ದರೆ ಬಿದ್ದ ಮಳೆ ಹೊಲದಲ್ಲಿಯೇ ಇಂಗುತ್ತದೆ. ತೋಪಿನ ನೆಲದಿಂದ ಮೊದಲ ವರ್ಷವೇ ರಾಗಿಯ ಪೂರ್ತಿ ಇಳುವರಿಯನ್ನು ನಿರೀಕ್ಷಿಸಬಾರದು. ಹುರುಳಿ, ಅಲಸಂದೆ, ಅಥವಾ ಹಸಿರೆಲೆ ಗೊಬ್ಬರಕ್ಕಾಗಿ ಸೆಣಬು ಬಿತ್ತಿ ಮಣ್ಣಿಗೆ ಸೇರಿಸುವುದು ಒಳ್ಳೆಯದು. ಕೊಟ್ಟಿಗೆ ಗೊಬ್ಬರ ಇದ್ದಷ್ಟನ್ನು ಈ ಹೊಲಕ್ಕೇ ಮೀಸಲಿಡಬೇಕು. ಮಣ್ಣು ಪರೀಕ್ಷೆ ಮಾಡಿಸಿ ಉಳಿದ ಗೊಬ್ಬರ ತೀರ್ಮಾನಿಸಬೇಕು.

ಮೊದಲ ಎರಡು ಮಳೆ ಬಿದ್ದು ಇಪ್ಪತ್ತು ದಿನಕ್ಕೆ ರೈತನು ಹೊಲದ ಪ್ರತಿ ಸಾಲನ್ನೂ ನಡೆದು ನೋಡಬೇಕು. ಎಲ್ಲಿ ಚಿಗುರು ಕಂಡಿತೋ ಅಲ್ಲಿ ಗಂಟಿನ ಚೂರು ಉಳಿದಿದೆಯೆಂದು ತಿಳಿದು, ಪಿಕಾಸಿಯಿಂದ ಅಗೆದು ತೆಗೆಯಬೇಕು. ಈ ಒಂದು ನಡಿಗೆಯನ್ನು ತಪ್ಪಿಸಿದ ಕಾರಣಕ್ಕೆ ಕೊಟ್ಟ ಬಾಡಿಗೆಯೆಲ್ಲ ನೀರಿಗೆ ಹೋಗಬಹುದು.

ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಯಂತ್ರದ ಹೆಸರಿನಿಂದ ಮಾತು ಶುರು ಮಾಡಬಾರದು. ಬೊಡ್ಡೆ ಎಷ್ಟು, ಅಂತರ ಎಷ್ಟು, ಕಲ್ಲು ಎಷ್ಟು, ಮುಂದಿನ ಬೆಳೆ ಯಾವುದು, ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಎಂಬ ಐದು ಪ್ರಶ್ನೆಗಳಿಂದ ಶುರು ಮಾಡಬೇಕು. ಹತ್ತಿರ ಹತ್ತಿರದ ನಾಲ್ಕೈದು ರೈತರು ಒಟ್ಟಾಗಿ ಯಂತ್ರ ತರಿಸುವಂತೆ ಮಾಡಿದರೆ ಸಾಗಣೆಯ ಖರ್ಚು ಹಂಚಿಹೋಗುತ್ತದೆ. ತೋಪು ತೆಗೆದ ಹೊಲದಲ್ಲಿ ಏನು ಬೆಳೆಯಬೇಕೆಂಬ ಸಲಹೆಗೆ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು.

ಮರ ಕಡಿದ ದಿನ ಬಂದ ಹಣದಲ್ಲಿ ಬೊಡ್ಡೆ ತೆಗೆಸುವ ಖರ್ಚನ್ನು ಅಂದೇ ಎತ್ತಿಡಬೇಕು. ಅದು ಮದುವೆಗೋ ಸಾಲಕ್ಕೋ ಹೋದ ಮೇಲೆ ಬೊಡ್ಡೆ ಚಿಗುರುತ್ತದೆ, ಹೊಲ ಇನ್ನೊಂದು ಐದು ವರ್ಷ ದೂರವಾಗುತ್ತದೆ. ಎತ್ತಿಟ್ಟ ಹಣಕ್ಕೆ ಗ್ರೈಂಡರ್ ಬರಲಿ, ಜೆ.ಸಿ.ಬಿ. ಬರಲಿ, ಹಾರೆ ಗುದ್ದಲಿಯೇ ಬರಲಿ, ಬುಡದ ಗಂಟು ನೆಲ ಬಿಟ್ಟು ಹೊರಬಂದರೆ ಕೆಲಸ ಆದಂತೆ.